ಗುಲಾಬಿ ಬಾಗಿಲು ತೆರೆದರೆ ರಾತ್ರಿಯ ಮೈಸೂರು ಕಾಣಬೇಕಿತ್ತು, ಬೂದು ಗೋಡೆ ಕಾಣುತ್ತಿದೆ

ನೀಲಿಬೆಕ್ಕು (ಮೈಸೂರು):
ಮುಂದಿನ ತಿಂಗಳು ನಮ್ಮೂರಿನಲ್ಲಿ ಆನಿಮೇಷನ್ ಅಭಿಮಾನಿಗಳ ಸಮಾವೇಶವಿದೆ. ನಾವು ಐವರು ಸೇರಿ 10 ಅಡಿಗೆ 10 ಅಡಿಯ ಮಳಿಗೆ ಹಿಡಿದಿದ್ದೇವೆ. ವಿಷಯ ಡೋರೇಮಾನ್, ಜಪಾನಿನ ಕಾರ್ಟೂನಿನ ನೀಲಿ ರೋಬೋ ಬೆಕ್ಕು. ಅವನ ಜೇಬಿನಿಂದ ಬರುವ ಗುಲಾಬಿ ಬಾಗಿಲು ನೆನಪಿದೆಯಲ್ಲ, ತೆರೆದರೆ ಬೇಕಾದ ಜಾಗಕ್ಕೆ ಕಾಲಿಡಬಹುದು? ಅದನ್ನು ಪ್ಲೈವುಡ್‌ನಲ್ಲಿ ಮಾಡಿಸಿದ್ದೇವೆ. ಅಗಲ ಎರಡೂವರೆ ಅಡಿ. ಪಕ್ಕದಲ್ಲಿ ಡೋರೇಮಾನ್‌ನ ಗೊಂಬೆ, ಸರಣಿಯಲ್ಲಿ ಹೇಳಿರುವ 129.3 ಸೆಂಟಿಮೀಟರ್ ಎತ್ತರಕ್ಕೇ ನಿಲ್ಲಿಸಿದ್ದೇವೆ. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿದೆ.

ಬಾಗಿಲು ತೆರೆದಾಗ ಚಾಮುಂಡಿ ಬೆಟ್ಟದಿಂದ ಕಾಣುವ ರಾತ್ರಿಯ ಊರು, ನಡುವೆ ದೀಪ ಹೊತ್ತಿದ ಅರಮನೆ ಕಾಣಬೇಕು. ಬಾಗಿಲಿನಿಂದ ಐದು ಅಡಿ ಹಿಂದೆ ಬಿಳಿ ಪರದೆ ಕಟ್ಟಿ, 3,000 ಲ್ಯೂಮೆನ್‌ನ (ಲ್ಯೂಮೆನ್ ಅಂದರೆ ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಪ್ರೊಜೆಕ್ಟರ್ ಬಾಡಿಗೆಗೆ ತಂದು, ಮನೆಯ ಹತ್ತಿರದ ಛತ್ರದಲ್ಲಿ ಎಲ್ಲ ದೀಪ ಹಾಕಿ ಪರೀಕ್ಷಿಸಿದೆವು. ಕಪ್ಪು ಆಕಾಶ ತೊಳೆದ ಸ್ಲೇಟಿನ ಬಣ್ಣಕ್ಕೆ ತಿರುಗಿತು. ಪ್ರೊಜೆಕ್ಟರ್ ಮುಂದಿಟ್ಟರೆ ಬಾಗಿಲಲ್ಲಿ ನಿಂತವರ ನೆರಳು ಅರಮನೆಯ ಮೇಲೆಯೇ ಬೀಳುತ್ತದೆ. ಇನ್ನೂ ಹೆಚ್ಚು ಲ್ಯೂಮೆನ್‌ನದು ತರಬೇಕೆ? ಬಾಡಿಗೆ ದುಪ್ಪಟ್ಟಾಗುತ್ತದೆ.

ಬೆಳಕಿನಲೆಕ್ಕ:
ದುಡ್ಡು ಸುರಿಯುವ ಮೊದಲು ಲೆಕ್ಕ ಮಾಡಿ. ನೋಡುವವರು ಬಾಗಿಲಿಗಿಂತ ಮೂರು ಅಡಿ ಈಚೆ ನಿಂತರೆ, ಐದು ಅಡಿ ಆಚೆಯ ಪರದೆಯಲ್ಲಿ ಅವರಿಗೆ ಸುಮಾರು 6.7 ಅಡಿ ಅಗಲ ಕಾಣುತ್ತದೆ. ಸಾಧಾರಣ ಪ್ರೊಜೆಕ್ಟರ್ ಚಿತ್ರದ ಅಗಲದ ಒಂದೂವರೆ ಪಟ್ಟು ದೂರ ಕೇಳುತ್ತದೆ, ಅಂದರೆ 10 ಅಡಿ. ನಿಮ್ಮ ಮಳಿಗೆಯ ಉದ್ದವೇ ಅಷ್ಟು. ನೆರಳು ಬೀಳದೆ ಇನ್ನೇನಾಗುತ್ತದೆ?

ಇನ್ನು ಬೂದು ಬಣ್ಣದ ವಿಷಯ. 3,000 ಲ್ಯೂಮೆನ್ ಅಷ್ಟಗಲ ಹರಡಿದರೆ ಪರದೆಗೆ ಸಿಗುವುದು ಹೆಚ್ಚೆಂದರೆ 1,300 ಲಕ್ಸ್ (ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕಿನ ಅಳತೆ). ಸಭಾಂಗಣದ ದೀಪಗಳೇ 400 ಲಕ್ಸ್ ಸುರಿಯುತ್ತಿವೆ ಎಂದುಕೊಳ್ಳಿ. ಚಿತ್ರದ ಅತಿ ಬೆಳ್ಳಗಿನ ಜಾಗ ಅತಿ ಕಪ್ಪಿನ ಜಾಗಕ್ಕಿಂತ ನಾಲ್ಕು ಪಟ್ಟು ಮಾತ್ರ ಬೆಳಗುತ್ತದೆ. ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು. ಬಿಳಿ ಬಟ್ಟೆಯ ಮೇಲೆ ಬಿದ್ದ ಬೆಳಕೇ ನಿಮ್ಮ ಕಪ್ಪು. ಲ್ಯೂಮೆನ್ ದುಪ್ಪಟ್ಟು ಮಾಡಿದರೂ ರಾತ್ರಿ ಸಂಜೆಯಾಗಿಯೇ ಉಳಿಯುತ್ತದೆ. ಮೊದಲು ಹೊರಗಿನ ಬೆಳಕು ತಡೆಯಿರಿ.

ನೀಲಿಬೆಕ್ಕು:
ಮೇಲ್ಭಾಗ ಪೂರ್ತಿ ಮುಚ್ಚುವಂತಿಲ್ಲ ಎಂದು ಆಯೋಜಕರು ಹೇಳಿದ್ದಾರೆ. ಬೆಂಕಿಯ ಮುನ್ನೆಚ್ಚರಿಕೆಯಂತೆ. ಅದರಲ್ಲಿ ನನಗೂ ತಕರಾರಿಲ್ಲ.

ಮದ್ದೂರುಸೀನರಿ (ಮಂಡ್ಯ ಜಿಲ್ಲೆ):
ತಮ್ಮಾ, ಪ್ರೊಜೆಕ್ಟರನ್ನು ವಾಪಸು ಕೊಟ್ಟುಬಿಡು. ನಮ್ಮ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳಿಗೆ ಡ್ರಾಮಾ ಸೀನರಿ, ಅಂದರೆ ಚಿತ್ರ ಬಿಡಿಸಿದ ಹಿನ್ನೆಲೆ ಪರದೆ, ಬಾಡಿಗೆಗೆ ಕೊಡುವ ಕೆಲಸ ನನ್ನದು. ನಿನಗೆ ಬೇಕಾಗಿರುವುದು ರಾತ್ರಿ. ರಾತ್ರಿಯನ್ನು ಬೆಳಕಿನಿಂದ ಬಿಡಿಸಲು ಹೊರಟರೆ ಹೀಗೆಯೇ ಆಗುತ್ತದೆ.

ದಪ್ಪನೆಯ ಕಪ್ಪು ಬಟ್ಟೆ ತೆಗೆದುಕೋ. ಹೊಳಪಿನ ಫ್ಲೆಕ್ಸ್ ಬೇಡ, ಅದರಲ್ಲಿ ಸಭಾಂಗಣದ ಟ್ಯೂಬ್‌ಲೈಟ್ ಕನ್ನಡಿಯಂತೆ ಮೂಡುತ್ತದೆ. ಬಟ್ಟೆಯ ಮೇಲೆ ಊರಿನ ಚಿತ್ರವನ್ನು ಸೀಮೆಸುಣ್ಣದಲ್ಲಿ ತೆಳುವಾಗಿ ಎಳೆದು, ದೀಪವಿರುವ ಕಡೆಯೆಲ್ಲ ದಬ್ಬಳದಿಂದ ಚುಚ್ಚು. ಅರಮನೆಯ ಗೋಪುರ, ಕಮಾನುಗಳ ಅಂಚಿನಲ್ಲಿ ಒತ್ತಾಗಿ, ಬಡಾವಣೆಗಳಲ್ಲಿ ಚದುರಿಸಿ, ರಸ್ತೆಗಳಿದ್ದಲ್ಲಿ ಸಾಲಾಗಿ. ಹಿಂದೆ ಒಂದು ಗೇಣು ಬಿಟ್ಟು ಬಿಳಿ ಬಟ್ಟೆ, ಅದರ ಹಿಂದೆ ಎಲ್‌ಇಡಿ ಸೀರಿಯಲ್ ಸೆಟ್. ಹ್ಯಾಲೋಜನ್ ಮಾತ್ರ ಹತ್ತಿರ ತರಬೇಡ. ಅದರ ಕಾವಿಗೆ ಸುಟ್ಟ ನನ್ನ ಅರಣ್ಯದ ಸೀನು ಈಗಲೂ ಗೋದಾಮಿನಲ್ಲಿದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಪರದೆಯನ್ನು ಐದರಿಂದ ಮೂರು ಅಡಿಗೆ ತಾ. ಕಾಣುವ ಅಗಲ ಐದು ಅಡಿಗೆ ಇಳಿಯುತ್ತದೆ. ನೋಡುವವರು ಎಡಕ್ಕೆ ಬಲಕ್ಕೆ ವಾಲುತ್ತಾರೆ, ಆಗ ಪರದೆಯ ಅಂಚು ಕಂಡರೆ ಮಾಯೆ ಹೋಯಿತು. ಅದಕ್ಕೆ ಎರಡೂ ಬದಿಗೆ ಕಪ್ಪು ಸೈಡ್ ವಿಂಗ್ (ಬದಿ ಮರೆಸುವ ಪರದೆ) ನಿಲ್ಲಿಸು. ಮೇಲಿನಿಂದ ಎರಡು ಅಡಿ ಝಾಲರಿ ಇಳಿಬಿಡು, ಛಾವಣಿ ಮುಚ್ಚದೆಯೇ ಟ್ಯೂಬ್‌ಲೈಟ್ ಮರೆಯಾಗುತ್ತದೆ. ನಮ್ಮ ದುರ್ಯೋಧನ ಬಟ್ಟೆ ಬದಲಿಸುವುದು ಜನರಿಗೆ ಕಾಣದಂತೆ ಇಷ್ಟು ವರ್ಷ ಕಾಪಾಡಿರುವುದು ಇದೇ.

ಬೆಳಕಿನಲೆಕ್ಕ:
ಅಣ್ಣ ಹೇಳಿದ್ದು ಸರಿ. ಕಪ್ಪು ಬಟ್ಟೆ ಬಿದ್ದ ಬೆಳಕಿನ ಬಹುಪಾಲನ್ನು ನುಂಗುತ್ತದೆ, ಹಾಗಾಗಿ ಹಿಂದಿನಿಂದ ಬರುವ ಸಣ್ಣ ಚುಕ್ಕಿಯೂ ಎದ್ದು ಕಾಣುತ್ತದೆ. ಆದರೂ ಪೂರ್ತಿ ಕತ್ತಲೆಗೆ ಹೋಗಬೇಡಿ. ಕಣ್ಣು ಕತ್ತಲೆಗೆ ಚೆನ್ನಾಗಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ನಿಮ್ಮ ಸಾಲಿನಲ್ಲಿ ಒಬ್ಬರಿಗೆ ಸಿಗುವುದು ಅರ್ಧ ನಿಮಿಷ.

ನೀಲಿಬೆಕ್ಕು (ಒಂಬತ್ತು ದಿನಗಳ ನಂತರ):
ಸಂತೆಪೇಟೆಯಲ್ಲಿ ಬಟ್ಟೆ ತಂದು ಮೂರು ರಾತ್ರಿ ಚುಚ್ಚಿದೆವು. ಬೆರಳುಗಳು ನೋಯುತ್ತಿವೆ, ಆದರೆ ಬಾಗಿಲು ತೆರೆದ ನಮ್ಮ ಅಮ್ಮ ಒಂದು ಹೆಜ್ಜೆ ಹಿಂದೆ ಸರಿದರು! ಕಣ್ಣಿಗೆ ಊರು ಕಾಣುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದರೆ ಮಾತ್ರ ಊರಿನ ಅಡ್ಡಕ್ಕೆ ಕಪ್ಪು ಪಟ್ಟೆಗಳು ಬರುತ್ತವೆ. ಬರುವವರೆಲ್ಲ ಫೋಟೋಗಾಗಿಯೇ ಬರುವವರು. ಏನು ಮಾಡುವುದು?

ಬೆಳಕಿನಲೆಕ್ಕ:
ಸೀರಿಯಲ್ ಸೆಟ್ಟನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದೀರಿ, ಅಲ್ಲವೆ? ನಮ್ಮ ವಿದ್ಯುತ್ತು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಅಗ್ಗದ ಎಲ್‌ಇಡಿ ಸರ ಅದರೊಂದಿಗೆ ಮಿನುಗುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ. ಮೊಬೈಲ್ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ, ದೀಪ ಮಂಕಾದ ಕ್ಷಣದಲ್ಲಿ ಓದಿದ ಸಾಲುಗಳು ಕಪ್ಪಾಗುತ್ತವೆ. 12 ವೋಲ್ಟ್ ಡಿಸಿ (ಹೀಗೆ ಏರಿಳಿಯದ ವಿದ್ಯುತ್ತು) ಅಡಾಪ್ಟರಿನ ಎಲ್‌ಇಡಿ ಪಟ್ಟಿ ಹಾಕಿ. ಬೆಳಕು ತಗ್ಗಿಸಲು ಅಗ್ಗದ ಡಿಮ್ಮರ್ ಸೇರಿಸಬೇಡಿ, ಪಟ್ಟೆಗಳು ಮರಳಿ ಬರುತ್ತವೆ. ಮಂಕು ಬೇಕಿದ್ದರೆ ಇನ್ನೊಂದು ಪದರ ಬಿಳಿ ಬಟ್ಟೆ ಸಾಕು.

ನೀಲಿಬೆಕ್ಕು:
ಅಡಾಪ್ಟರ್ ಹಾಕಿದೆವು, ಪಟ್ಟೆ ಮಾಯವಾಯಿತು. ಬಾಗಿಲು ಬಡಿದಾಗ ಆಕಾಶವೇ ಅಲುಗುತ್ತಿತ್ತು. ಬಾಗಿಲಿನ ಚೌಕಟ್ಟನ್ನೂ ಪರದೆಯ ಕಂಬವನ್ನೂ ಬೇರೆ ಬೇರೆ ಮಾಡಿ ಮರಳಿನ ಚೀಲ ಇಟ್ಟೆವು, ಸರಿಹೋಯಿತು.

ಈಗ ಹೊಸ ದೂರು. ನಿನ್ನೆ ಪಕ್ಕದ ಮನೆಯ ಹುಡುಗಿ ಬಂದಿದ್ದಳು. ಬಾಗಿಲು ತೆರೆದಳು, ಖುಷಿಪಟ್ಟಳು, ಮುಚ್ಚಿದಳು. ಮತ್ತೆ ತೆರೆದು, “ಇನ್ನೂ ಮೈಸೂರೇ ಇದೆಯಲ್ಲ!” ಎಂದು ಮುಖ ಸಪ್ಪಗೆ ಮಾಡಿದಳು. ಅವಳ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ.

ಮದ್ದೂರುಸೀನರಿ:
ಮಗು ಕೇಳಿದ್ದು ನ್ಯಾಯವೇ. ಕಪ್ಪು ಬಟ್ಟೆಯ ಮುಂದೆ ಒಂದು ಸುರುಳಿ ಪರದೆ ಕಟ್ಟು. ಕೆಳಗಿನ ಅಂಚಿಗೆ ಬಿದಿರು, ಎರಡು ತುದಿಗೆ ಹಗ್ಗ. ಬಾಗಿಲು ಮುಚ್ಚಿದ ಕೂಡಲೇ ಒಬ್ಬ ಹಗ್ಗ ಸಡಿಲಿಸಲಿ, ಇನ್ನೊಬ್ಬ ಹಿಂದಿನ ದೀಪ ಆರಿಸಿ ಮುಂದಿನ ಸಣ್ಣ ದೀಪ ಹಾಕಲಿ. ಅರಮನೆ ಹೋಗಿ ಹಿಮಾಲಯ ಬರುತ್ತದೆ. ನನ್ನ ಹತ್ತಿರ ಕೈಲಾಸದ ಸೀನು ಇದೆ, ಹಿಮ ಚೆನ್ನಾಗಿ ಬಿಡಿಸಿದ್ದಾರೆ. ಶಿವ ಕೂರುವ ಬಂಡೆಯೊಂದು ನಡುವೆ ಇದೆ, ಅಲ್ಲಿ ನಿಮ್ಮ ನೀಲಿ ಗೊಂಬೆ ಕೂರಿಸಿಕೊಳ್ಳಿ. ಶನಿವಾರ ಬಂದು ತೆಗೆದುಕೊಂಡು ಹೋಗು, ಬಿದಿರು ನಿನ್ನದೇ ತರಬೇಕು.