ಅಪ್‌ಡೇಟ್: ಅಪ್ಪನ ಹಳೇ ಕ್ಯಾಸೆಟ್‌ಗಳು ಕೊನೆಗೂ ಫಿಲ್ಮ್ ಆದವು

ಒಂಬತ್ತು ವಿಎಚ್‌ಎಸ್ ವಿಡಿಯೊ ಕ್ಯಾಸೆಟ್, ಒಂದು ಡಬ್ಬಿ ಫೋಟೊ ಸೇರಿಸಿ ಅಮ್ಮನಿಗೆ ಫಿಲ್ಮ್ ಮಾಡುವುದು ಹೇಗೆ ಅಂತ ಕೇಳಿದ್ದೆ. ಕಂಪ್ಯೂಟರ್‌ಗೆ ಹಾಕಿದಾಗ ಓಡುವವರ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತಿತ್ತು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದ್ದೇ ಸರಿ, ಅದು ಇಂಟರ್‌ಲೇಸಿಂಗ್. ಟೇಪಿನಲ್ಲಿ ಪ್ರತಿ ಫ್ರೇಮೂ (ಒಂದೊಂದು ಚಿತ್ರವೂ) ಬೆಸ ಗೆರೆ, ಸಮ ಗೆರೆ ಅಂತ ಎರಡು ಭಾಗವಾಗಿರುತ್ತದೆ; ಎರಡೂ ಬೇರೆ ಬೇರೆ ಕ್ಷಣದವು, ಅದಕ್ಕೇ ಆ ಬಾಚಣಿಗೆ ಹಲ್ಲು. ನಮ್ಮದು ಪಾಲ್ (PAL, ನಮ್ಮ ಕಡೆಯ ಹಳೇ ಟಿವಿ ಪದ್ಧತಿ) ಟೇಪ್, ಸೆಕೆಂಡಿಗೆ 25 ಫ್ರೇಮ್. ಡಿಇಂಟರ್‌ಲೇಸ್ ಮಾಡಿ, ಅಂದರೆ ಆ ಅರ್ಧ ಚಿತ್ರಗಳನ್ನು ಪೂರ್ತಿ ಚಿತ್ರಗಳಾಗಿಸಿ, ಸೆಕೆಂಡಿಗೆ 50 ಫ್ರೇಮ್ ಇಟ್ಟುಕೊಂಡೆ, ಓಟ ನಯವಾಯಿತು. ಹಳೇ ಟಿವಿ ಅಳತೆಯ 4:3 ಚಿತ್ರವನ್ನು ಎಳೆದು ಅಗಲ ಮಾಡುವುದನ್ನೂ ಬಿಟ್ಟೆ. ಮೊದಲ ಸಲ ಮನೆಮಂದಿಯೆಲ್ಲ ದಪ್ಪಗಾಗಿಬಿಟ್ಟಿದ್ದರು!

ಫೋಟೊಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದೆ, ಝೂಮ್ ಮಾಡಿದರೂ ಮುಖ ಮಸುಕಾಗಲಿಲ್ಲ.

ನಿಜವಾದ ಕಷ್ಟ ಕತ್ತರಿಸುವುದು. ಹನ್ನೊಂದು ಗಂಟೆಯ ಟೇಪು 22 ನಿಮಿಷಕ್ಕೆ ಇಳಿಯಬೇಕು. ಮೊದಲು ಉದ್ದಕ್ಕೂ ಹಾಡು ಹಾಕಿದ್ದೆ. ಅಮ್ಮ ಎರಡೇ ನಿಮಿಷ ನೋಡಿ, "ಹಾಡು ನಿಲ್ಲಿಸೋ, ಅವರ ಮಾತು ಕೇಳಬೇಕು" ಅಂದರು. ಹಾಡು ತೆಗೆದೆ.

ಒಂದು ಕಡೆ ಅಪ್ಪ ಕ್ಯಾಮೆರಾ ಆಫ್ ಮಾಡಲು ಮರೆತಿದ್ದಾರೆ. ನೆಲ, ಅವರ ಚಪ್ಪಲಿ, ಅಷ್ಟೇ ಕಾಣುವುದು. ಹಿಂದಿನಿಂದ ಅಜ್ಜಿಯ ದನಿ: "ಕೆಂಪು ದೀಪ ಇನ್ನೂ ಉರೀತಿದೆ ಕಣೋ." ಸುಮ್ನೆ ವೇಸ್ಟ್ ಅಂತ ತೆಗೆಯಲು ಹೊರಟಿದ್ದೆ. ಈಗ ಫಿಲ್ಮ್ ಮುಗಿಯುವುದೇ ಆ ದನಿಯಿಂದ.

ಒಂದು ಕ್ಯಾಸೆಟ್‌ಗೆ ಬೂಷ್ಟು ಹಿಡಿದಿದೆ. ಹಾಕಿದರೆ ವಿಸಿಆರ್‌ನಲ್ಲಿ ಟೇಪ್ ಓದುವ ಹೆಡ್ಡಿಗೂ, ಅಲ್ಲಿಂದ ಉಳಿದ ಟೇಪುಗಳಿಗೂ ಅಂಟುತ್ತದಲ್ವಾ, ಅದಕ್ಕೇ ಬೇರೆ ಇಟ್ಟಿದ್ದೇನೆ. ಇಂಥದ್ದನ್ನು ಯಾರಾದರೂ ಕ್ಲೀನ್ ಮಾಡಿಸಿದ್ದೀರಾ?