ಕಾಂಕ್ರೀಟ್‌ಗೆ ಭತ್ತದ ಹೊಟ್ಟಿನ ಬೂದಿ: ಹಾಕಿದವರು ಯಾರಾದರೂ ಇದ್ದೀರಾ?

ನಮ್ಮದು ತೀರ್ಥಹಳ್ಳಿ ಹತ್ತಿರ. ಈ ಬೇಸಿಗೆಯಲ್ಲಿ ಕೊಟ್ಟಿಗೆ ನೆಲಕ್ಕೂ ಅಡಿಕೆ ಒಣಗಿಸುವ ಅಂಗಳಕ್ಕೂ ಕಾಂಕ್ರೀಟ್ ಹಾಕಿಸಬೇಕು. ಅಕ್ಕಿ ಗಿರಣಿಯವರು ಬಾಯ್ಲರ್ ಬೂದಿ ಸುಮ್ನೆ ತಗೊಂಡು ಹೋಗಿ ಅನ್ನುತ್ತಿದ್ದಾರೆ. ಸಿಮೆಂಟ್ ಕಡಿಮೆ ಮಾಡಿ ಅದನ್ನು ಸೇರಿಸಬಹುದಾ? ಅಡಿಕೆ ಬೇಯಿಸಿದ ಒಲೆ ಬೂದಿಯೂ ರಾಶಿ ಬಿದ್ದಿದೆ. ಅದೂ ಆಗುತ್ತದಾ?

ಶಿವಮೊಗ್ಗದಿಂದ, ಕಟ್ಟಡ ಕೆಲಸದವರು:
ಹೊಟ್ಟಿನ ಬೂದಿ ಹಾಕಬಹುದು. ಆದರೆ ಮೊದಲು ಸಿಮೆಂಟ್ ಚೀಲದ ಮೇಲೆ ಏನು ಬರೆದಿದೆ ನೋಡಿ. ಅಂಗಡಿಯಲ್ಲಿ ಕೇಳಿದರೆ ಹೆಚ್ಚಾಗಿ ಕೊಡುವುದು ಪಿಪಿಸಿ, ಅಂದರೆ ಬೂದಿ ಬೆರೆಸಿದ ಸಿಮೆಂಟ್. ಅದರಲ್ಲಿ ಶೇ. 15ರಿಂದ 35ರವರೆಗೆ ಹಾರುಬೂದಿ (ಕಲ್ಲಿದ್ದಲು ಸುಟ್ಟ ನುಣ್ಣನೆ ಬೂದಿ) ಕಾರ್ಖಾನೆಯಲ್ಲೇ ಸೇರಿರುತ್ತದೆ. ಅದಕ್ಕೆ ಮತ್ತೆ ಬೂದಿ ಸುರಿದರೆ ಸಿಮೆಂಟ್ ತೀರಾ ಕಡಿಮೆಯಾಗಿ ಕಾಂಕ್ರೀಟ್ ಗಟ್ಟಿಯಾಗುವುದು ಬಹಳ ನಿಧಾನವಾಗುತ್ತದೆ. ಒಪಿಸಿ, ಅಂದರೆ ಸಾದಾ ಸಿಮೆಂಟ್, 43 ಅಥವಾ 53 ದರ್ಜೆಯದ್ದು ತನ್ನಿ.

ಇನ್ನು ಬೂದಿ. ಹೊಟ್ಟು ಸುಟ್ಟರೆ ತೂಕದ ಐದನೇ ಒಂದು ಭಾಗದಷ್ಟು ಬೂದಿ ಉಳಿಯುತ್ತದೆ, ಚೆನ್ನಾಗಿ ಸುಟ್ಟಿದ್ದರೆ ಅದರಲ್ಲಿ ಶೇ. 85ಕ್ಕಿಂತ ಜಾಸ್ತಿ ಸಿಲಿಕಾ (ಮರಳಿನಲ್ಲಿರುವ ವಸ್ತುವೇ). ಸಿಮೆಂಟ್ ನೀರು ಕುಡಿದಾಗ ಹೊರಬರುವ ಸುಣ್ಣದ ಜೊತೆ ಈ ಸಿಲಿಕಾ ಕೂಡಿಕೊಂಡು ಹೊಸ ಅಂಟು ಹುಟ್ಟುತ್ತದೆ, ಕಾಂಕ್ರೀಟ್ ಒಳಗಿನ ಸಣ್ಣ ಸಣ್ಣ ತೂತು ಮುಚ್ಚುತ್ತದೆ. ನಮ್ಮ ಮಳೆಗೆ ಇದು ಒಳ್ಳೆಯದೇ. ಆದರೆ ಹೊಟ್ಟು 500ರಿಂದ 700 ಡಿಗ್ರಿ ಶಾಖದಲ್ಲಿ ಬೆಂದಿರಬೇಕು. ಅದಕ್ಕಿಂತ ಜೋರಾಗಿ ತುಂಬಾ ಹೊತ್ತು ಉರಿದರೆ ಸಿಲಿಕಾ ಹರಳುಗಟ್ಟಿ ಸುಣ್ಣದ ಜೊತೆ ಸೇರುವುದೇ ಇಲ್ಲ. ಕಪ್ಪಗಿದ್ದರೆ ಇದ್ದಿಲು ಉಳಿದಿದೆ ಅಂತ ಅರ್ಥ, ಅದು ನೀರು ಹೀರುತ್ತದೆ. ಬೂದು ಬಣ್ಣದ್ದನ್ನು ಆರಿಸಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ನುಣ್ಣಗೆ ಮಾಡಿದ ಬೂದಿಗೆ ಅರಳಿದ ಸುಣ್ಣ ಸೇರಿಸಿ, ನೀರು ಹಾಕಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ. ಒದ್ದೆ ಗೋಣಿಯಲ್ಲಿ ಒಂದೆರಡು ವಾರ ಇಟ್ಟು ಆಮೇಲೆ ನೀರಿನಲ್ಲಿ ಮುಳುಗಿಸಿ. ಕರಗಿ ರಾಡಿಯಾದರೆ ಆ ಬೂದಿ ಬೇಡ. ಉಗುರಿಗೆ ಬಗ್ಗದೆ ನಿಂತರೆ ಮುಂದುವರಿಯಿರಿ.

50 ಕೆಜಿ ಚೀಲದ ಜಾಗದಲ್ಲಿ 45 ಕೆಜಿ ಸಿಮೆಂಟ್, 5 ಕೆಜಿ ಬೂದಿ ಸಾಕು. ತೂಗಿಯೇ ಹಾಕಿ. ಬೂದಿ ತೀರಾ ಹಗುರ, ಬುಟ್ಟಿ ಲೆಕ್ಕ ಇಟ್ಟರೆ ಅಳತೆ ಕೆಡುತ್ತದೆ. ಕಲಸುವಾಗ ಗಟ್ಟಿಯಾಯಿತು ಅಂತ ಮೇಸ್ತ್ರಿ ನೀರು ಸುರಿಯದ ಹಾಗೆ ನಿಂತು ನೋಡಿಕೊಳ್ಳಿ, ಏಕೆಂದರೆ ಬೂದಿ ಹಾಕಿದ ಕೆಲಸ ಹಾಳಾಗುವುದು ಜಾಸ್ತಿ ಅಲ್ಲೇ. ಬೇಕಾದರೆ ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಕಲಸು ಸಡಿಲ ಮಾಡುವ ದ್ರವ) ಬಳಸಿ. ಕ್ಯೂರಿಂಗ್, ಅಂದರೆ ನೀರುಣಿಸಿ ಒದ್ದೆಯಾಗಿ ಇಡುವುದು, 14 ದಿನ ಮಾಡಲೇಬೇಕು.

ಸಾಗರದಿಂದ, ಅಡಿಕೆ ಬೆಳೆಗಾರರು:
ಒಲೆ ಬೂದಿ ಮಾತ್ರ ಬೇಡ ಮಾರಾಯ್ರೇ. ಸೌದೆ, ಅಡಿಕೆ ಸಿಪ್ಪೆ ಸುಟ್ಟ ಬೂದಿಯಲ್ಲಿ ಪೊಟ್ಯಾಷ್ ಜಾಸ್ತಿ, ಕಾಂಕ್ರೀಟ್‌ಗೆ ಆ ಕ್ಷಾರ ಒಳ್ಳೆಯದಲ್ಲ. ನಾವು ಗೊಬ್ಬರದ ಜೊತೆ ಮರದ ಬುಡಕ್ಕೆ ಹಾಕುತ್ತೇವೆ. ತೋಟಕ್ಕೆ ಬೇಕಾದದ್ದನ್ನು ನೆಲಕ್ಕೆ ಯಾಕೆ ಹಾಕುತ್ತೀರಿ?

ಸೊರಬದಿಂದ:
ನಮ್ಮ ಕೊಟ್ಟಿಗೆಗೆ ಹಾಕಿದ್ದೇವೆ, ನೆಲ ಚೆನ್ನಾಗಿದೆ. ಮೊದಲ ವಾರ ಮೆತ್ತಗೆ ಅನ್ನಿಸಿತು, ದನ ಕಟ್ಟಲು ಒಂದು ತಿಂಗಳು ಕಾದೆವು. ಬಣ್ಣ ಸ್ವಲ್ಪ ಕಪ್ಪು. ಆದರೆ ಬಹಳ ಉಳಿತಾಯ ಆಗುತ್ತದೆ ಅಂದುಕೊಳ್ಳಬೇಡಿ, ಬೂದಿ ಪುಕ್ಕಟೆ ಸಿಕ್ಕರೂ ಸಾಗಿಸುವುದು, ಪುಡಿ ಮಾಡಿಸುವುದು ಎಲ್ಲ ಸೇರಿ ಉಳಿದಿದ್ದು ಅಷ್ಟಕ್ಕಷ್ಟೇ.

ಪ್ರಶ್ನೆ ಕೇಳಿದವರು:
ಪುಡಿ ಮಾಡಿಸುವುದು ಎಲ್ಲಿ? ಹಿಟ್ಟಿನ ಗಿರಣಿಯಲ್ಲಿ ಆಗುತ್ತದಾ? ಉಳಿದರೆ ಮನೆ ತಾರಸಿಗೂ ಹಾಕೋಣ ಅಂತಿದ್ದೆ.

ಶಿವಮೊಗ್ಗದಿಂದ:
ಹಿಟ್ಟಿನ ಗಿರಣಿ ಖಂಡಿತ ಬೇಡ. ಸಿಲಿಕಾ ಕಲ್ಲನ್ನೇ ಸವೆಸುತ್ತದೆ, ಆ ದೂಳು ತಿನ್ನುವ ಹಿಟ್ಟಿಗೂ ಸೇರುತ್ತದೆ. ಬಾಲ್ ಮಿಲ್ (ತಿರುಗುವ ಡ್ರಮ್ಮಿನಲ್ಲಿ ಗುಂಡುಗಳಿಂದ ಪುಡಿ ಮಾಡುವ ಯಂತ್ರ) ಇರುವವರನ್ನು ಹುಡುಕಿ. ಬೂದಿ ಮುಟ್ಟುವ ಎಲ್ಲರೂ ಒಳ್ಳೆ ಮಾಸ್ಕ್ ಹಾಕಲಿ, ಟವೆಲ್ ಸುತ್ತಿಕೊಂಡರೆ ಸಾಲದು, ಶ್ವಾಸಕೋಶದ ವಿಷಯ ಇದು. ತಾರಸಿ, ಪಿಲ್ಲರ್‌ಗೆ ಸ್ವಂತ ಲೆಕ್ಕದಲ್ಲಿ ಹಾಕಬೇಡಿ. ಕಾಂಕ್ರೀಟ್‌ನ ಭಾರತೀಯ ಮಾನಕ ಐಎಸ್ 456 ಹೊಟ್ಟಿನ ಬೂದಿಗೆ ಅವಕಾಶ ಕೊಟ್ಟಿದೆ, ಆದರೆ ಗುಣಮಟ್ಟ ಒಂದೇ ಸಮ ಇರಬೇಕು, ಜವಾಬ್ದಾರಿ ಇರುವವರು ಒಪ್ಪಬೇಕು. ಅಂದರೆ ಕ್ಯೂಬ್ ಟೆಸ್ಟ್ (ಕಾಂಕ್ರೀಟ್ ಘನ ಎರಕ ಹೊಯ್ದು ಒತ್ತಿ ಬಲ ನೋಡುವ ಪರೀಕ್ಷೆ) ಮಾಡಿಸಿ, 28 ದಿನದ ಫಲಿತಾಂಶ ಹಿಡಿದು ಎಂಜಿನಿಯರ್ ಹತ್ತಿರ ಹೋಗಿ. ಈಗ ಅಂಗಳದ್ದು ಮುಗಿಸಿ, ಮಾರ್ಚ್ ಒಳಗೆ ಹಾಕಿದರೆ ಮಳೆ ಹಿಡಿಯುವಷ್ಟರಲ್ಲಿ ಪೂರ್ತಿ ಬಲ ಬಂದಿರುತ್ತದೆ.