ಸಹಾಯ ಬೇಕು: ಸೊಂಗ್‌ಕುಲ್ ಸರೋವರವೋ, ಫಾರೋ ದ್ವೀಪಗಳೋ?

ಎಲ್ಲರಿಗೂ ನಮಸ್ಕಾರ. ಬರುವ ಜುಲೈ ತಿಂಗಳಲ್ಲಿ ನನಗೆ, ನನ್ನ ಪತ್ನಿಗೆ ಮತ್ತು 64 ವರ್ಷದ ನನ್ನ ತಾಯಿಯವರಿಗೆ ಹನ್ನೆರಡು ದಿನಗಳ ಬಿಡುವು ದೊರೆತಿದ್ದು, ಜನಜಂಗುಳಿಯಿಲ್ಲದ, ಹೆಚ್ಚಿನವರು ಹೆಸರನ್ನೂ ಕೇಳಿರದ ಜಾಗವೊಂದನ್ನು ಎರಡು ತಿಂಗಳಿಂದ ಹುಡುಕುತ್ತಿದ್ದೇನೆ. ವಿಚಾರಿಸಿದ ಮೂವರು ಏಜೆಂಟರೂ ಅವೇ ನಾಲ್ಕು ಪ್ರಸಿದ್ಧ ನಗರಗಳನ್ನು ತೋರಿಸಿದರು.

ಮೊದಲು ಮನಸ್ಸು ಹೋದದ್ದು ಕೊಡೆಯಾಕಾರದ ಮರಗಳಿರುವ ಯೆಮೆನ್‌ನ ಸೊಕೋಟ್ರಾ ದ್ವೀಪದ ಕಡೆಗೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮುಂಗಾರಿನ ಬಿರುಗಾಳಿ ಬೀಸುವುದರಿಂದ ಅದನ್ನು ಕೈಬಿಡಬೇಕಾಯಿತು.

ಈಗ ಉಳಿದಿರುವುದು ಎರಡು. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ ಫಾರೋ ದ್ವೀಪಗಳಲ್ಲಿ ರಸ್ತೆ, ಸುರಂಗಗಳು ಚೆನ್ನಾಗಿರುವುದರಿಂದ ತಾಯಿಯವರಿಗೆ ಅನುಕೂಲ; ಆದರೆ ಮಂಜು ಕವಿದರೆ ವಿಮಾನ ಇಳಿಯುವುದೂ ಕಷ್ಟ, ನೋಡಲು ಹೋದ ಕಡಲಬಂಡೆಗಳೂ ಕಾಣವು. ಕಿರ್ಗಿಸ್ತಾನದ ಸೊಂಗ್‌ಕುಲ್ ಸರೋವರದ ದಂಡೆಯಲ್ಲಿ ಕುರಿಗಾಹಿಗಳ ಯುರ್ಟ್‌ಗಳಲ್ಲಿ, ಅಂದರೆ ಉಣ್ಣೆಯ ಗುಂಡು ಡೇರೆಗಳಲ್ಲಿ, ಬೇಸಿಗೆಯಲ್ಲಿ ತಂಗಬಹುದು, ಮತ್ತು ನಿಜ ಹೇಳಬೇಕೆಂದರೆ ನನ್ನ ಒಲವು ಇದರ ಕಡೆಗೇ ಇದೆ.

ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿ: ಸರೋವರ ಇರುವುದು ಸುಮಾರು 3,000 ಮೀಟರ್ ಎತ್ತರದಲ್ಲಿ, ರಾಜಧಾನಿ ಬಿಷ್ಕೆಕ್ ಸುಮಾರು 800 ಮೀಟರ್‌ನಲ್ಲಿ. ಒಂದೇ ದಿನದಲ್ಲಿ ಅಷ್ಟು ಮೇಲೇರಿ ಅಲ್ಲಿಯೇ ಮಲಗಿದರೆ ಎತ್ತರದ ಬಾಧೆ, ಅಂದರೆ ಆಮ್ಲಜನಕ ಕಡಿಮೆಯಾಗಿ ಬರುವ ತಲೆನೋವು, ವಾಕರಿಕೆ, ಕಾಡೀತೆಂಬ ಭಯ. ವೈದ್ಯರು ನಿಧಾನವಾಗಿ ಏರಿ ಎಂದರೇ ಹೊರತು ಎಲ್ಲಿ, ಎಷ್ಟು ದಿನ ನಿಲ್ಲಬೇಕೆಂದು ಹೇಳಲಿಲ್ಲ.

ಹಿರಿಯರನ್ನು ಸೊಂಗ್‌ಕುಲ್‌ಗೆ ಕರೆದೊಯ್ದವರು ದಯವಿಟ್ಟು ತಿಳಿಸಿ: ದಾರಿಯಲ್ಲಿ ಸಿಗುವ ಕೊಚ್ಕೋರ್‌ನಲ್ಲಿ ಒಂದು ರಾತ್ರಿ ತಂಗಿದರೆ ಸಾಕೇ, ಎರಡು ಬೇಕೇ, ಅಥವಾ ತಾಯಿಯವರ ದೃಷ್ಟಿಯಿಂದ ಫಾರೋವನ್ನೇ ಆರಿಸಿಕೊಳ್ಳುವುದು ಸರಿಯೇ?